ಆಟಗಾರನಿಗೆ ಬಣ್ಣವೇಕೆ ಎನ್ನುವವರಿಗೆ

ಕ್ರೀಡಾಂಗಣದಲ್ಲಿ ಕೀರ್ತಿ ಪಡೆದವನೊಬ್ಬನು ಆಟದ ವಯಸ್ಸು ಕಳೆದ ಮೇಲೆ ಮುಖಕ್ಕೆ ಬಣ್ಣ ಬಳಿದುಕೊಂಡು ಚಲನಚಿತ್ರದಲ್ಲಿ ಕಾಣಿಸಿಕೊಂಡನೆಂದರೆ, ಅವನು ತಾನು ಆಡಿದ ಆಟಕ್ಕೆ ದ್ರೋಹವೆಸಗಿದನು, ತಾನು ಅರಿಯದ ನಟನೆಗೆ ಅಪಚಾರ ಮಾಡಿದನು ಎಂಬ ಅಭಿಪ್ರಾಯವು ನಮ್ಮ ವಿದ್ಯಾವಂತರಲ್ಲಿ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಅದನ್ನು ವಾದಿಸಿ ಸ್ಥಾಪಿಸುವ ಶ್ರಮವನ್ನೇ ಯಾರೂ ವಹಿಸುವುದಿಲ್ಲ; ಒಬ್ಬರು ಹೇಳಿದರೆ ಸಾಕು, ಉಳಿದವರು ತಲೆದೂಗುತ್ತಾರೆ. ಕ್ರೀಡೆಯನ್ನು ಪ್ರೀತಿಸುವವರು ಇದನ್ನು ವ್ಯಥೆಯಿಂದ ಹೇಳುತ್ತಾರೆ, ಕಲೆಯನ್ನು ಪ್ರೀತಿಸುವವರು ತಿರಸ್ಕಾರದಿಂದ ಹೇಳುತ್ತಾರೆ, ದೊಡ್ಡಬಳ್ಳಾಪುರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತವರು "ಆಡೋನು ಆಡ್ಕೊಂಡಿರ್ಬೇಕು, ಇವನಿಗ್ಯಾಕಪ್ಪಾ ಬಣ್ಣ?" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಎದ್ದುಹೋಗುತ್ತಾರೆ. ಸ್ವಧರ್ಮವನ್ನು ಬಿಟ್ಟು ಪರಧರ್ಮಕ್ಕೆ ಕೈಹಾಕಕೂಡದೆಂದು ಗೀತೆಯನ್ನೇ ಸಾಕ್ಷಿಗೆ ಕರೆಯುವ ಗಂಭೀರರೂ ಉಂಟು. ಈ ಅಭಿಪ್ರಾಯವು ಸರಿಯಲ್ಲವೆಂದು ನಾನು ನಂಬಿದ್ದೇನೆ. ಅಷ್ಟೇ ಅಲ್ಲ, ಕಲೆಯ ಮೇಲಣ ಗೌರವದ ವೇಷವನ್ನು ಧರಿಸಿ ಬರುವ ಈ ಮಾತಿನ ಒಡಲಲ್ಲಿ ಇರುವುದು ಬೇರೆಯೇ ಒಂದು ಹಳೆಯ ಸರಕೆಂದೂ ನನಗೆ ತೋರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಬ್ಬ ಮನುಷ್ಯನನ್ನು ಮುಂದೆ ನಿಲ್ಲಿಸಿಕೊಳ್ಳುತ್ತೇನೆ. ನೆರೆಯ ಕೇರಳದ ತ್ರಿಶೂರಿನಲ್ಲಿ 1969ರಲ್ಲಿ ಹುಟ್ಟಿದ ಐ. ಎಂ. ವಿಜಯನ್ ಅವರು ಬಾಲ್ಯದಲ್ಲಿ ಆ ಊರಿನ ಮುನಿಸಿಪಲ್ ಕ್ರೀಡಾಂಗಣದಲ್ಲಿ ಪಂದ್ಯ ನೋಡಲು ಬಂದವರಿಗೆ ಸೋಡಾ ಮಾರುತ್ತಿದ್ದವರು. ಅದೇ ಕ್ರೀಡಾಂಗಣದ ಹುಲ್ಲಿನ ಮೇಲೆ ಆಡಿ, ಕೇರಳ ಪೊಲೀಸ್ ತಂಡವನ್ನು ಸೇರಿ, ಬಳಿಕ ಕಲ್ಕತ್ತೆಯ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್, ಪಂಜಾಬಿನ ಜೆ.ಸಿ.ಟಿ., ಕೊಚ್ಚಿಯ ಎಫ್.ಸಿ. ಕೊಚ್ಚಿನ್ ಮೊದಲಾದ ತಂಡಗಳಿಗೆ ಆಡಿ, ದೇಶದ ಶ್ರೇಷ್ಠ ಕಾಲ್ಚೆಂಡಾಟಗಾರನೆಂಬ ಪ್ರಶಸ್ತಿಯನ್ನು ಒಂದಕ್ಕಿಂತ ಹೆಚ್ಚು ಸಲ ಪಡೆದವರು. 1999ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭೂತಾನದ ವಿರುದ್ಧ ಪಂದ್ಯ ಆರಂಭವಾದ 12ನೆಯ ಸೆಕೆಂಡಿಗೇ ಅವರು ಗೋಲು ಹೊಡೆದರು. 2003ರಲ್ಲಿ ಅರ್ಜುನ ಪ್ರಶಸ್ತಿ, 2025ರಲ್ಲಿ ಪದ್ಮಶ್ರೀ ಅವರಿಗೆ ಸಂದಿವೆ. ಇಂಥವರು ಇನ್ನೂ ಆಟದ ಅಂಗಳದಲ್ಲಿರುವಾಗಲೇ ಮಲೆಯಾಳದ ನಿರ್ದೇಶಕ ಜಯರಾಜ್ ಅವರು ಕರೆದು ತಮ್ಮ 'ಶಾಂತಂ' ಎಂಬ ಚಿತ್ರದ ಪ್ರಧಾನ ಪಾತ್ರವನ್ನು ಕೊಟ್ಟರು. ರಾಜಕೀಯ ಪಕ್ಷಗಳ ವೈರದಲ್ಲಿ ಸಿಕ್ಕಿ ತನ್ನ ಗೆಳೆಯನನ್ನೇ ಕೊಂದು, ಆ ಕೊಲೆಯ ಭಾರವನ್ನು ಹೊತ್ತು ಒಳಗೊಳಗೇ ಬೇಯುವ ವೇಲಾಯುಧನ್ ಎಂಬ ಯುವಕನ ಪಾತ್ರ ಅದು. 2000ದ ಸಾಲಿನ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಆ ಚಿತ್ರಕ್ಕೆ ಸಂದಿತು.

ಖಂಡನಕಾರರು ಇಲ್ಲಿ ಸ್ವಲ್ಪ ನಿಂತು ನೋಡಬೇಕೆಂದು ನನ್ನ ಬಿನ್ನಹ. ಆಟಗಾರನಿಂದ ಚಿತ್ರರಂಗವು ಬಯಸುವುದು ಅವನ ದೇಹವನ್ನು ಮಾತ್ರ ಎಂದು ಅವರು ಹೇಳುತ್ತಾರಲ್ಲವೆ? 'ಶಾಂತಂ' ಚಿತ್ರದಲ್ಲಿ ವಿಜಯನ್ನರ ಕಾಲಿಗೆ ಕೆಲಸವೇ ಇಲ್ಲ. ಅಂಗಸಾಧನೆಯನ್ನು ಮೆರೆಯಿಸಿ ಚಪ್ಪಾಳೆ ಗಿಟ್ಟಿಸುವ ಒಂದು ಅವಕಾಶವೂ ಆ ಪಾತ್ರದಲ್ಲಿಲ್ಲ. ಎದುರಾಳಿಯ ಮುಂದೆ ಮಿಂಚಿನಂತೆ ಸರಿದುಹೋಗಲು ಕಲಿತ ದೇಹವು ಅಲ್ಲಿ ಸುಮ್ಮನೆ ಕುಳಿತಿರಬೇಕು. ಆ ಸುಮ್ಮನಿರುವಿಕೆಯಲ್ಲಿಯೇ ಪಶ್ಚಾತ್ತಾಪವು ಕಾಣಬೇಕು. ಅದೇ ಚಿತ್ರದಲ್ಲಿ ಸೀಮಾ ಬಿಸ್ವಾಸ್, ಕೆ.ಪಿ.ಎ.ಸಿ. ಲಲಿತಾ ಅವರಂಥ ಅಭಿನಯವನ್ನೇ ಉಸಿರಾಗಿಸಿಕೊಂಡ ನಟಿಯರೂ, ಕಥಕಳಿಯ ಮಹಾನಟರಾದ ಕಲಾಮಂಡಲಂ ಗೋಪಿಯವರೂ ಇದ್ದರೆಂಬುದನ್ನು ನೆನೆದರೆ, ಈ ಆಟಗಾರನನ್ನು ಯಾವ ಪಂಕ್ತಿಯಲ್ಲಿ ಕೂರಿಸಿದ್ದರೆಂಬುದು ತಿಳಿಯುತ್ತದೆ. ಆ ಪಂಕ್ತಿಯಿಂದ ಅವರು ಎದ್ದುಹೋಗಬೇಕಾದ ಪ್ರಸಂಗ ಬರಲಿಲ್ಲ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂಬ ನಾಲ್ಕು ಅಭಿನಯಗಳಲ್ಲಿ ಆಟಗಾರನಿಗೆ ಆಂಗಿಕವೊಂದೇ ದಕ್ಕೀತೆಂದು ಉದಾರವಾಗಿ ಒಪ್ಪಿಕೊಡುವ ವಿಮರ್ಶಕರು, ಸಾತ್ತ್ವಿಕವನ್ನೇ ನೆಚ್ಚಿದ ಈ ಪಾತ್ರಕ್ಕೆ ಏನು ಉತ್ತರ ಹೇಳುವರೆಂದು ನಾನು ಬಹುದಿನಗಳಿಂದ ಕಾದಿದ್ದೇನೆ.

ಇನ್ನು ಆಂಗಿಕವೂ ಅವರು ಎಣಿಸುವಷ್ಟು ಹಗುರವಾದುದಲ್ಲ. ಚೆಂಡನ್ನು ಕಾಲಲ್ಲಿಟ್ಟುಕೊಂಡು ಬರುವ ಆಟಗಾರನು ಎಡಭುಜವನ್ನು ಕೊಂಚ ತಗ್ಗಿಸುತ್ತಾನೆ, ಕಣ್ಣನ್ನು ಅತ್ತ ಹಾಯಿಸುತ್ತಾನೆ, ಸೊಂಟವನ್ನು ವಾಲಿಸುತ್ತಾನೆ. ಎದುರಿಗಿರುವ ರಕ್ಷಕನು ಅದನ್ನು ನಂಬಿ ಎಡಕ್ಕೆ ಹೆಜ್ಜೆಯಿಟ್ಟೊಡನೆ ಚೆಂಡು ಬಲಕ್ಕೆ ಹೋಗಿರುತ್ತದೆ. ನಂಬಿಸುವುದು ಎಂದರೆ ಇದೇ. ಅನುಮಾನಿಸುವುದೇ ಕಸುಬಾಗಿರುವ ಒಬ್ಬ ಪರಿಣತನನ್ನು, ಅವನ ಮುಖಕ್ಕೆ ಮುಖ ಕೊಟ್ಟು, ಸಾವಿರಾರು ಜನರ ಕಣ್ಣೆದುರಿಗೆ, ಮರುಪ್ರಯೋಗದ ಅವಕಾಶವಿಲ್ಲದೆ ನಂಬಿಸಬೇಕು. ಚಲನಚಿತ್ರದ ನಟನಿಗಾದರೋ ನಿರ್ದೇಶಕನು ಮತ್ತೊಮ್ಮೆ, ಮಗುದೊಮ್ಮೆ ಅವಕಾಶ ಕೊಡುತ್ತಾನೆ. ಪ್ರೇಕ್ಷಕನು ನಂಬುವ ಮನಸ್ಸು ಮಾಡಿಕೊಂಡೇ ಚೀಟಿ ಕೊಂಡು ಒಳಗೆ ಬಂದಿರುತ್ತಾನೆ. ಎರಡರಲ್ಲಿ ಯಾವುದು ಕಠಿನವೆಂದು ನಾನು ತೂಗಿ ಹೇಳಲಾರೆ. ಆದರೆ ಒಂದರ ಅಭ್ಯಾಸವು ಇನ್ನೊಂದಕ್ಕೆ ಅಪ್ರಯೋಜಕವೆಂದು ಹೇಳುವವನು ಎರಡನ್ನೂ ಹತ್ತಿರದಿಂದ ನೋಡಿದವನಲ್ಲ.

ಹಾಗಾದರೆ ವಿಜಯನ್ ಅವರು ಮುಂದೆ ಮಾಡಿದ ಪಾತ್ರಗಳೇಕೆ ಅಷ್ಟು ಕಳಪೆ ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆ. 2006ರ 'ತಿಮಿರು', 2015ರ 'ಕೊಂಬನ್' ಮೊದಲಾದ ತಮಿಳು ಚಿತ್ರಗಳಲ್ಲಿ ಅವರು ಕಣ್ಣು ಕೆಂಪಗೆ ಮಾಡಿಕೊಂಡ ಒರಟರ ಪಾತ್ರಗಳಲ್ಲಿ ಬಂದರು. 2019ರಲ್ಲಿ ತೆರೆಕಂಡ 'ಬಿಗಿಲ್' ಚಿತ್ರವನ್ನಂತೂ ನಮ್ಮ ಹೊಸಕೋಟೆ, ದೇವನಹಳ್ಳಿಗಳ ಹುಡುಗರೂ ಶಿಳ್ಳೆ ಹೊಡೆದು ನೋಡಿದರು. ಆ ಚಿತ್ರದ ವಸ್ತುವೇ ಕಾಲ್ಚೆಂಡಾಟ. ಅದರ ನಾಯಕ ಕಾಲ್ಚೆಂಡಾಟಗಾರ, ಬಳಿಕ ಹೆಣ್ಣುಮಕ್ಕಳ ತಂಡದ ತರಬೇತುಗಾರ. ಆ ಪಾತ್ರವನ್ನು ವಹಿಸಿದವರು ಚಿತ್ರತಾರೆ ವಿಜಯ್. ದೇಶಕ್ಕಾಗಿ ನಿಜವಾಗಿ ಆಡಿದ ವಿಜಯನ್ ಅವರಿಗೆ ಅದೇ ಚಿತ್ರದಲ್ಲಿ ದೊರೆತದ್ದು ರೌಡಿಯೊಬ್ಬನ ಪಾತ್ರ! ಕಾಲ್ಚೆಂಡಾಟದ ಕಥೆಯಲ್ಲಿ ಕಾಲ್ಚೆಂಡಾಟಗಾರನ ಕೈಗೆ ಚೆಂಡನ್ನು ಕೊಡದೆ ಕತ್ತಿಯನ್ನು ಕೊಟ್ಟ ಈ ವಿವೇಕಕ್ಕೆ ಹೊಣೆಗಾರರು ಯಾರು? ಆಟಗಾರನಂತೂ ಅಲ್ಲ. ಕಪ್ಪು ಮೈಯನ್ನೂ ಗಟ್ಟಿ ತೋಳನ್ನೂ ಕಂಡೊಡನೆ ಖಳನೆಂದು ಬರೆದಿಟ್ಟುಕೊಳ್ಳುವ ಸೋಮಾರಿ ಕಲ್ಪನೆ ಹೊಣೆ. ಕಥೆ ಬರೆದವರ ದಾರಿದ್ರ್ಯವನ್ನು ಪಾತ್ರ ವಹಿಸಿದವನ ತಲೆಗೆ ಕಟ್ಟುವುದು ಅನ್ಯಾಯ.

ಇದೇ ತೋಳು, ಇದೇ ಎದೆಯ ಅಗಲವು ಸಮರ್ಥ ನಿರ್ದೇಶಕನ ಕೈಗೆ ಸಿಕ್ಕಿದರೆ ಏನಾಗುತ್ತದೆಂಬುದಕ್ಕೆ ನಾವು ಕೇರಳಕ್ಕೂ ಹೋಗಬೇಕಾಗಿಲ್ಲ. ಮೈಸೂರಿನ ಗರಡಿಯಲ್ಲಿ ಮಣ್ಣು ಮೈಗೆ ಬಳಿದುಕೊಂಡು ಬೆಳೆದ ಕುಸ್ತಿಪಟು ಎಂ. ಪಿ. ಶಂಕರ್ ಅವರು ಕನ್ನಡ ಚಿತ್ರರಂಗಕ್ಕೆ ಬಂದಾಗ ಅವರಿಗೂ ಮೊದಮೊದಲು ದೊರೆತದ್ದು ಹೊಡೆದಾಟದ ಪಾತ್ರಗಳೇ. ಅವರೇ 1973ರಲ್ಲಿ 'ಗಂಧದ ಗುಡಿ'ಯನ್ನು ನಿರ್ಮಿಸಿ, ಕಾಡು ಮತ್ತು ಕಾಡುಪ್ರಾಣಿಗಳ ರಕ್ಷಣೆಯ ಪ್ರಶ್ನೆಯನ್ನು ಕನ್ನಡ ಜನತೆಯ ಮನೆಮಾತಾಗಿಸಿದರು. ಮರುವರ್ಷ ಸಿದ್ಧಲಿಂಗಯ್ಯನವರು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನಾಧರಿಸಿ 'ಭೂತಯ್ಯನ ಮಗ ಅಯ್ಯು' ಚಿತ್ರವನ್ನು ತೆಗೆದಾಗ, ಊರಿಗೆ ಊರೇ ಹೆದರಿ ನಡುಗುವ, ಬಡ್ಡಿಗಾಗಿ ಬಡವರ ಹೊಲಮನೆಗಳನ್ನು ನುಂಗುವ ಭೂತಯ್ಯನ ಪಾತ್ರವನ್ನು ಶಂಕರ್ ಅವರಿಗೆ ಒಪ್ಪಿಸಿದರು. ಆ ಭೂತಯ್ಯನು ಯಾರ ಮೇಲೂ ಕುಸ್ತಿಯ ಪಟ್ಟು ಹಾಕುವುದಿಲ್ಲ. ಅವನು ಬಂದು ನಿಂತರೆ ಸಾಕು, ಹಳ್ಳಿಯ ಉಸಿರು ಕಟ್ಟುತ್ತದೆ. ಗರಡಿಯಲ್ಲಿ ಬೆಳೆಸಿದ ದೇಹವು ಅಲ್ಲಿ ಕಾದಾಡದೆಯೇ ತನ್ನ ತೂಕವನ್ನು ತೋರಿಸಿತು. ಹಳೆಯ ಮೈಸೂರು ಸೀಮೆಯ ಸಾಹುಕಾರನೆಂದರೆ ಹೇಗಿದ್ದನೆಂದು ಇಂದಿನ ಹುಡುಗರು ಕೇಳಿದರೆ ನಾನು ಆ ಚಿತ್ರವನ್ನು ನೋಡಿರೆಂದು ಹೇಳುತ್ತೇನೆ. ಕುಸ್ತಿಯವನು ನಟನೆಗೆ ಬಂದು ಕೆಡಿಸಿದನೆಂದು ಅಂದು ಯಾರಾದರೂ ಅಂದಿದ್ದರೆ, ಅವರ ಹೆಸರನ್ನು ಇಂದು ಯಾರೂ ಬಲ್ಲವರಿಲ್ಲ.

ಈಗ ಮೊದಲು ಸೂಚಿಸಿದ ಹಳೆಯ ಸರಕಿನ ಮಾತಿಗೆ ಬರುತ್ತೇನೆ. ಒಬ್ಬನಿಗೆ ಒಂದೇ ಕಸುಬು, ಅದರಲ್ಲಿಯೇ ಅವನು ಸಾಯತಕ್ಕದ್ದು, ಬೇರೆಯವರ ಕಸುಬನ್ನು ಮುಟ್ಟಿದರೆ ಅದು ಮೈಲಿಗೆಯಾಗುತ್ತದೆ ಎಂಬ ಭಾವನೆಯು ಕಲಾಮೀಮಾಂಸೆಯಿಂದ ಹುಟ್ಟಿದುದಲ್ಲ. ಕುಂಬಾರನ ಮಗ ಕುಂಬಾರನೇ ಆಗಬೇಕು, ಅಗಸನ ಮಗ ಅಗಸನೇ ಆಗಬೇಕು ಎಂದು ಶತಮಾನಗಳ ಕಾಲ ವಿಧಿಸಿದ ವ್ಯವಸ್ಥೆಯಿಂದ ಹುಟ್ಟಿದುದು. ಬಾಯಲ್ಲಿ ಅದನ್ನು ಬಿಟ್ಟೆವೆಂದು ಹೇಳಿಕೊಳ್ಳುವ ನಾವು, ಸೋಡಾ ಮಾರುತ್ತಿದ್ದ ಹುಡುಗನು ದೇಶದ ತಂಡದ ನಾಯಕನಾದಾಗ ಹಿಗ್ಗಿ, ಅವನು ಅಲ್ಲಿಂದ ಇನ್ನೊಂದು ಹೊಸ್ತಿಲನ್ನು ದಾಟಿದೊಡನೆ ಹುಬ್ಬು ಗಂಟಿಕ್ಕುತ್ತೇವೆ. ಒಂದು ಸಲ ಮೇಲೇರಿದ್ದು ಸಾಲದೆ, ಮತ್ತೊಂದೇಕೆ ಎಂಬಂತೆ! ಇದೇ ಬೆಂಗಳೂರಿನ ರಸ್ತೆಗಳಲ್ಲಿ ಬಸ್ಸಿನ ಚೀಟಿ ಹರಿಯುತ್ತಿದ್ದ ಶಿವಾಜಿ ರಾವ್ ಎಂಬ ಕಂಡಕ್ಟರು ಮದರಾಸಿನ ಚಲನಚಿತ್ರ ಶಾಲೆಗೆ ಹೋಗಿ, 1975ರಲ್ಲಿ ರಜನೀಕಾಂತ್ ಆಗಿ ತೆರೆಯ ಮೇಲೆ ಬಂದುದನ್ನು ನಾವು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತೇವೆ. ಕಂಡಕ್ಟರನಿಗೆ ಇರುವ ದಾರಿ ಆಟಗಾರನಿಗೇಕೆ ಮುಚ್ಚಿರಬೇಕು? ಕಂಡಕ್ಟರನಾಗಿ ಕೀರ್ತಿ ಪಡೆಯದೆ ಇದ್ದುದೇ ಅವರ ಪುಣ್ಯವೋ ಏನೋ.

ಬೆಂಗಳೂರಿನ ಸುತ್ತಲಿನ ನಮ್ಮ ಹಳ್ಳಿಗಾಡಂತೂ ಈ ಏಕವೃತ್ತಿಯ ಸಿದ್ಧಾಂತವನ್ನು ಎಂದೂ ಒಪ್ಪಿದ್ದಲ್ಲ. ಸುಗ್ಗಿ ಮುಗಿದು ಜಾತ್ರೆಯ ಕಾಲ ಬಂತೆಂದರೆ ನೆಲಮಂಗಲದಿಂದ ಹೊಸಕೋಟೆಯವರೆಗೆ ಯಾವುದಾದರೊಂದು ಊರಿನಲ್ಲಿ 'ಕುರುಕ್ಷೇತ್ರ' ನಾಟಕದ ರಂಗಸಜ್ಜಿಕೆ ಏಳುತ್ತದೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ನಾಟಕದ ಮೇಷ್ಟರು ಹಾರ್ಮೋನಿಯಂ ಮುಂದೆ ಕುಳಿತು ಕಂದಪದ್ಯಗಳನ್ನು ಬಾಯಿಪಾಠ ಮಾಡಿಸಿರುತ್ತಾರೆ. ಸೀನರಿಯೂ ಕಿರೀಟ ಭುಜಕೀರ್ತಿಗಳೂ ಬಾಡಿಗೆಗೆ ಬಂದಿರುತ್ತವೆ. ಅಲ್ಲಿ ತೊಡೆ ತಟ್ಟಿ ನಿಲ್ಲುವ ದುರ್ಯೋಧನನು ಯಾರು? ಹಗಲೆಲ್ಲ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ಸೀರೆ ನೇಯ್ದವನು. ಭೀಮನು ಹಾಲಿನ ಡೇರಿಯ ಕಾರ್ಯದರ್ಶಿ. ಕೃಷ್ಣನು ಪ್ರಾಥಮಿಕ ಶಾಲೆಯ ಉಪಾಧ್ಯಾಯ. ಶಕುನಿಯು ಬಹುಮಟ್ಟಿಗೆ ಪಂಚಾಯಿತಿಯ ಮಾಜಿ ಸದಸ್ಯ, ಅದಕ್ಕೆ ಅಭ್ಯಾಸವೂ ಅಷ್ಟಾಗಿ ಬೇಕಾಗುವುದಿಲ್ಲ. ಇವರಾರಿಗೂ ಸಂಭಾವನೆಯಿಲ್ಲ, ಪಾತ್ರಕ್ಕಾಗಿ ತಾವೇ ಹಣ ಕಟ್ಟುತ್ತಾರೆ, ಪಾತ್ರ ದೊಡ್ಡದಾದಷ್ಟೂ ಹೆಚ್ಚು ಕಟ್ಟುತ್ತಾರೆ. ಬೆಳಗಿನ ಜಾವದವರೆಗೂ ಕುಳಿತು ನೋಡುವ ಜನ "ನೇಯ್ಗೆಯವನಿಗೆ ಗದೆ ಏಕೆ?" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಕಂಠ ಚೆನ್ನಾಗಿದೆಯೇ, ಗತ್ತು ಇದೆಯೇ ಎಂದಷ್ಟೇ ಅವರು ನೋಡುತ್ತಾರೆ. ಇಲ್ಲದಿದ್ದರೆ ಮುಲಾಜಿಲ್ಲದೆ ಕೂಗಿ ಕೂರಿಸುತ್ತಾರೆ. ವಿಮರ್ಶೆಯ ನಿಜವಾದ ಕ್ರಮವೆಂದರೆ ಅದು. ಮಾಡಿದ ಕೆಲಸವನ್ನು ನೋಡಿ ಬೆಲೆಕಟ್ಟುವುದು ವಿಮರ್ಶೆ. ಮಾಡಿದವನ ಹಿಂದಿನ ಕಸುಬನ್ನು ವಿಚಾರಿಸಿ ಬಾಗಿಲು ಹಾಕುವುದು ಕಾವಲುಗಾರಿಕೆ.

ನೆಲಮಂಗಲದ ಬಳಿಯ ಸೋಲದೇವನಹಳ್ಳಿಯಲ್ಲಿ ಇದರ ತಿರುವುಮುರುವಾದ ಚರಿತ್ರೆಯೊಂದು ನಮ್ಮ ಕಣ್ಣೆದುರಿಗೇ ನಡೆದಿದೆ. ನೂರಾರು ಚಿತ್ರಗಳಲ್ಲಿ ನಟಿಸಿದ ಲೀಲಾವತಿಯವರು ಬಣ್ಣದ ಬದುಕಿನಿಂದ ಹಿಂದೆ ಸರಿದ ಮೇಲೆ ಮಗ ವಿನೋದ್ ರಾಜ್ ಅವರೊಡನೆ ಆ ಹಳ್ಳಿಯಲ್ಲಿ ನೆಲೆಸಿ, ತೋಟ ಮಾಡಿ, ಊರವರಿಗಾಗಿ ಆಸ್ಪತ್ರೆ ಕಟ್ಟಿಸಿದರು. 2023ರಲ್ಲಿ, ತಾವು ತೀರಿಕೊಳ್ಳುವ ಕೆಲವೇ ದಿನಗಳ ಮುಂಚೆ, ದನಕರುಗಳಿಗಾಗಿ ಪಶು ಆಸ್ಪತ್ರೆಯೂ ಆಗುವಂತೆ ನೋಡಿಕೊಂಡರು. ನಟಿಯೊಬ್ಬಳು ಮಣ್ಣು ಮುಟ್ಟಿದ್ದು ಬೇಸಾಯಕ್ಕೆ ಅಪಚಾರವೆಂದು ಯಾವ ರೈತನೂ ದೂರಲಿಲ್ಲ. ನಾಡೆಲ್ಲ ಅದನ್ನು ಕೊಂಡಾಡಿತು. ತೆರೆಯಿಂದ ಹೊಲಕ್ಕೆ ಹೋದರೆ ಪಾವನ, ಅಂಗಳದಿಂದ ತೆರೆಗೆ ಹೋದರೆ ಪತನ ಎಂಬುದು ಯಾವ ನ್ಯಾಯ?

ಎದುರು ಪಕ್ಷದ ಮಾತುಗಳಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೆಸರನ್ನು ಮಾರಿಕೊಳ್ಳುವ ವ್ಯಾಪಾರ ನಡೆದದ್ದುಂಟು. 1983ರ ವಿಶ್ವಕಪ್ಪಿನ ಗೆಲುವಿನ ಬಿಸಿ ಆರುವ ಮುನ್ನ, ಕ್ರಿಕೆಟ್ಟಿಗರಾದ ಸಂದೀಪ್ ಪಾಟೀಲರನ್ನು ನಾಯಕನನ್ನಾಗಿಯೂ ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿಯವರನ್ನು ಖಳನನ್ನಾಗಿಯೂ ಇಟ್ಟು 1985ರಲ್ಲಿ 'ಕಭಿ ಅಜನಬಿ ಥೆ' ಎಂಬ ಹಿಂದಿ ಚಿತ್ರವನ್ನು ತೆಗೆದರು. ಅದು ನಿಲ್ಲಲಿಲ್ಲ, ನಿಲ್ಲುವ ಯೋಗ್ಯತೆಯೂ ಅದಕ್ಕಿರಲಿಲ್ಲ. ಜಾನ್ ಹ್ಯೂಸ್ಟನ್ನರಂಥ ನಿರ್ದೇಶಕರು 1981ರಲ್ಲಿ ಪೆಲೆ, ಬಾಬಿ ಮೂರ್ ಮೊದಲಾದ ಜಗದ್ವಿಖ್ಯಾತರನ್ನು ಕೂಡಿಸಿ ಯುದ್ಧಕೈದಿಗಳ ಪಂದ್ಯವೊಂದರ ಕಥೆಯನ್ನು ಚಿತ್ರಿಸಿದಾಗಲೂ ಪೆಲೆಯವರಿಂದ ಬಯಸಿದುದು ತಲೆಕೆಳಗಾಗಿ ಹಾರಿ ಹೊಡೆಯುವ ಅವರ ಪ್ರಸಿದ್ಧ ಹೊಡೆತವನ್ನೇ ಹೊರತು ಹೆಚ್ಚಿನದನ್ನಲ್ಲ. ಇವೆಲ್ಲ ಸೋಲುಗಳೆಂದೇ ಇಟ್ಟುಕೊಳ್ಳೋಣ. ನಟರ ಮಕ್ಕಳು ನಟರಾಗಲು ಹೋಗಿ ಸೋತ ಚಿತ್ರಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಯಾವುದು ಉದ್ದವಾದೀತೆಂದು ಓದುಗರೇ ಊಹಿಸಲಿ. ಆ ಸೋಲುಗಳಿಂದ ನಟಪುತ್ರರಿಗೆ ರಂಗವು ನಿಷಿದ್ಧವೆಂಬ ಸಿದ್ಧಾಂತವನ್ನು ಯಾರೂ ತೆಗೆದಿಲ್ಲ.

ಗೆದ್ದವರ ಮಾತನ್ನೂ ಆಡಬೇಕು. ಪ್ರೇಕ್ಷಕನೊಬ್ಬನನ್ನು ಹಾರಿ ಒದ್ದು ಎಂಟು ತಿಂಗಳ ಕಾಲ ಆಟದಿಂದ ಬಹಿಷ್ಕೃತನಾಗಿದ್ದ ಫ್ರಾನ್ಸಿನ ಎರಿಕ್ ಕಾಂಟೊನಾ, 1997ರಲ್ಲಿ ಮೂವತ್ತರ ಹರೆಯದಲ್ಲಿಯೇ ಆಟವನ್ನು ಬಿಟ್ಟು, ಮರುವರ್ಷವೇ 'ಎಲಿಜಬೆತ್' ಚಿತ್ರದಲ್ಲಿ ಫ್ರೆಂಚ್ ರಾಯಭಾರಿಯಾಗಿ ಬಂದನು. 2009ರಲ್ಲಿ ಕೆನ್ ಲೋಚ್ ಅವರ 'ಲುಕಿಂಗ್ ಫಾರ್ ಎರಿಕ್' ಚಿತ್ರದಲ್ಲಿ, ಬಾಳಿನಲ್ಲಿ ಸೋತ ಮ್ಯಾಂಚೆಸ್ಟರಿನ ಅಂಚೆಯವನೊಬ್ಬನ ಭ್ರಮೆಯಲ್ಲಿ ಮೂಡಿಬರುವ ತನ್ನದೇ ಮೂರ್ತಿಯನ್ನು, ತನ್ನ ಜಂಬವನ್ನು ತಾನೇ ಹಾಸ್ಯಮಾಡಿಕೊಳ್ಳುತ್ತ ಅಭಿನಯಿಸಿದನು. ಇಂಗ್ಲೆಂಡಿನ ವಿನ್ನಿ ಜೋನ್ಸ್ ಮೊದಲು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದವನು. 1988ರಲ್ಲಿ ವಿಂಬಲ್ಡನ್ ತಂಡದೊಡನೆ ಎಫ್.ಎ. ಕಪ್ ಗೆದ್ದು, ಹತ್ತು ವರ್ಷಗಳ ಬಳಿಕ ಚಿತ್ರನಟನಾದನು. ಅವನದು ಒರಟನ ಪಾತ್ರಗಳೇ ಹೆಚ್ಚು, ಅವುಗಳ ಬಗೆಗೆ ನನಗೆ ಅಷ್ಟೇನೂ ಆದರವಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪಣೆ ಬೇರೊಂದಿದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಂಥ ಕಡೆಗಳಲ್ಲಿ ನಟನೆಯನ್ನು ಶಾಸ್ತ್ರೋಕ್ತವಾಗಿ ಕಲಿತು, ಅವಕಾಶಕ್ಕಾಗಿ ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿ ಕಾದು ಕುಳಿತಿರುವ ತರುಣ ತರುಣಿಯರ ಅನ್ನವನ್ನು ಈ ಪ್ರಸಿದ್ಧರು ಕಸಿದುಕೊಳ್ಳುವರಲ್ಲಾ ಎಂಬುದು. ಈ ಮಾತು ನನ್ನನ್ನು ತಡೆದು ನಿಲ್ಲಿಸುತ್ತದೆ. ಅವರ ಕಷ್ಟ ನಿಜ. ಆದರೆ ಅವರ ದಾರಿಗೆ ಅಡ್ಡವಾಗಿ ನಿಂತಿರುವವರು ಮುಖ ನೋಡಿ ಮಣೆ ಹಾಕುವ ನಿರ್ಮಾಪಕರೇ ಹೊರತು, ಅಪರೂಪಕ್ಕೊಬ್ಬರಂತೆ ಬರುವ ನಿವೃತ್ತ ಆಟಗಾರರಲ್ಲ. ಕಾಲ್ಚೆಂಡಾಟಗಾರರನ್ನು ಚಿತ್ರರಂಗದಿಂದ ಇಂದೇ ಗಡಿಪಾರು ಮಾಡಿದರೂ ನೀನಾಸಮ್ಮಿನ ಪದವೀಧರನಿಗೆ ಅದರಿಂದ ನಾಳೆ ಪಾತ್ರವೊಂದು ಹೆಚ್ಚಾಗುವುದಿಲ್ಲ.

ಆಟಗಾರನ ಅನ್ನದ ವಿಚಾರವನ್ನಾದರೂ ಯಾರಾದರೂ ಯೋಚಿಸಿದ್ದಾರೆಯೆ? ಕಾಲ್ಚೆಂಡಾಟಗಾರನ ವೃತ್ತಿಯು ಬಹುಮಟ್ಟಿಗೆ ಮೂವತ್ತೈದಕ್ಕೆ ಮುಗಿಯುತ್ತದೆ. ಬೇರೆಯವರ ಬಾಳು ಆಗತಾನೆ ಕುದುರುವ ವಯಸ್ಸು ಅದು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳು ತಂಡಗಳನ್ನು ಕಟ್ಟಿ, ಆಡುವವನಿಗೆ ಕೆಲಸವನ್ನೂ ಕೊಟ್ಟು, ಆಟ ಮುಗಿದ ಮೇಲೆ ನಿವೃತ್ತಿಯವರೆಗೆ ಸಂಬಳ ಕೊಡುತ್ತಿದ್ದ ಕಾಲ ಬೆಂಗಳೂರಿನಲ್ಲಿತ್ತು. ಅಂಥ ಆಶ್ರಯಗಳು ಈಗ ಕ್ಷೀಣಿಸಿವೆ. ಅದೇ ಬೆಂಗಳೂರಿನ ಗೌತಮಪುರದ ಜನ ಪೆಲೆಯವರ ಪ್ರತಿಮೆಯನ್ನು ನಿಲ್ಲಿಸಿ ಪೂಜ್ಯಭಾವದಿಂದ ಕಾಣುತ್ತಾರೆ. ನಮ್ಮವರನ್ನೇ ಕಂಡವರು ಎಷ್ಟು ಮಂದಿ? 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತವು ಆಡಿದ ಮೊದಲ ಒಲಿಂಪಿಕ್ ಕಾಲ್ಚೆಂಡಾಟದ ಪಂದ್ಯದಲ್ಲಿ, ಬಹುಪಾಲು ಬರಿಗಾಲಲ್ಲಿದ್ದ ನಮ್ಮ ತಂಡವು ಫ್ರಾನ್ಸಿಗೆ 2–1ರಿಂದ ಸೋತಾಗ, ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. 1956ರಲ್ಲಿ ಮೆಲ್ಬೋರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ತಂಡದಲ್ಲಿದ್ದವರು ಕೆಂಪಯ್ಯ. 2023ರ ಮಾರ್ಚಿನಲ್ಲಿ ದೂರದ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ತಂದ ಕರ್ನಾಟಕದ ಹುಡುಗರಲ್ಲಿ ಒಬ್ಬನ ಹೆಸರನ್ನಾದರೂ ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ನಿಂತು ಕೇಳಿದರೆ ಹೇಳುವವರು ಸಿಗುವುದು ಕಷ್ಟ. ಆಡುವಾಗ ಹೆಸರನ್ನು ಕೇಳದೆ, ಆಟ ಬಿಟ್ಟ ಮೇಲೆ ಹೇಗೆ ಬದುಕಿದನೆಂದು ವಿಚಾರಿಸದೆ, ಅವನು ಬಣ್ಣ ಹಚ್ಚಿದ ದಿನ ಮಾತ್ರ ಆಟದ ಘನತೆಯನ್ನು ನೆನೆದು ಕಣ್ಣೀರಿಡುವ ಈ ಅಭಿಮಾನವನ್ನು ನಾನು ಅಭಿಮಾನವೆಂದು ಕರೆಯಲಾರೆ.

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ರಾಗಿ ಬೆಳೆದವರ ಮಕ್ಕಳು ಟ್ಯಾಕ್ಸಿ ಓಡಿಸುತ್ತಿದ್ದಾರೆ, ಚಕ್ಕೋತದ ತೋಟ ಕಾಯುತ್ತಿದ್ದವರು ಗೋದಾಮು ಕಾಯುತ್ತಿದ್ದಾರೆ. ಕಸುಬು ಬದಲಿಸುವುದರ ನೋವೂ ಅದರ ಬಿಡುಗಡೆಯೂ ಇಲ್ಲಿನವರಿಗೆ ಹೊಸತಲ್ಲ. ಇಂಥ ನೆಲದಿಂದಲೇ ನಮ್ಮ ನಿರ್ದೇಶಕರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಕರ್ನಾಟಕಕ್ಕೆ ಆಡಿ ನಿವೃತ್ತರಾದ ಕಾಲ್ಚೆಂಡಾಟಗಾರರು ಆಸ್ಟಿನ್ ಟೌನಿನಲ್ಲಿ, ಗೌತಮಪುರದಲ್ಲಿ ಇಂದಿಗೂ ಇದ್ದಾರೆ. ಮುಂದಿನ ಚಿತ್ರಕ್ಕೆ ಪಾತ್ರಧಾರಿಗಳನ್ನು ಹುಡುಕುವಾಗ ಅವರಲ್ಲೊಬ್ಬರನ್ನು ಕರೆಯಿರಿ. ಕೈಗೆ ಕತ್ತಿಯನ್ನು ಕೊಡದೆ, ಹೆಂಡತಿಯನ್ನು ಕಳೆದುಕೊಂಡ ರೈತನ ಪಾತ್ರವನ್ನೋ ಮಗಳ ಮದುವೆಗೆ ಸಾಲ ಕೇಳಲು ಹೊರಟ ತಂದೆಯ ಪಾತ್ರವನ್ನೋ ಕೊಟ್ಟು, ಕುರುಕ್ಷೇತ್ರದ ಮೇಷ್ಟರಷ್ಟು ತಾಳ್ಮೆಯಿಂದ ನಾಲ್ಕು ತಿಂಗಳು ಅಭ್ಯಾಸ ಮಾಡಿಸಿರಿ. ಚೆನ್ನಾಗಿ ಮಾಡದಿದ್ದರೆ ಕೂಗಿ ಕೂರಿಸುವ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ.